ಪದವಿಯಿಲ್ಲದೆ ಪ್ರೊಫೆಸರ್ ಆದ ಗಣಿತಜ್ಞ: ಸ್ಟೆಫಾನ್ ಬನಾಖ್

ಗಣಿತದಲ್ಲಿ ಎಂ.ಎಸ್ಸಿ. ಓದುವ ವಿದ್ಯಾರ್ಥಿಗಳಿಗೆ ಬನಾಖ್ ಸ್ಪೇಸ್ ಎಂಬ ಹೆಸರು ಹೊಸದಲ್ಲ. ಫಂಕ್ಷನಲ್ ಅನಾಲಿಸಿಸ್ ವಿಷಯದ ಮೊದಲ ಪಾಠಗಳಲ್ಲೇ ಅದು ಎದುರಾಗುತ್ತದೆ. ನಮ್ಮ ತರಗತಿಗಳಲ್ಲಿ ಕೆಲವರು ಅದನ್ನು ಬನಾಚ್ ಎಂದೂ, ಕೆಲವರು ಬನಾಕ್ ಎಂದೂ ಉಚ್ಚರಿಸುತ್ತಾರೆ. ಪ್ರಮೇಯಗಳನ್ನು ಕಲಿತು ಪರೀಕ್ಷೆ ಬರೆದು ಮುಗಿಸುವ ಗಡಿಬಿಡಿಯಲ್ಲಿ ಆ ಹೆಸರು ಯಾರದು, ಆತ ಎಲ್ಲಿಯವನು, ಹೇಗೆ ಬಾಳಿದ ಎಂದು ಕೇಳುವ ವ್ಯವಧಾನ ಹೆಚ್ಚಿನವರಿಗೆ ಇರುವುದಿಲ್ಲ. ಆದರೆ ಆ ಬದುಕು ಗಣಿತ ಓದದವರೂ ತಿಳಿದುಕೊಳ್ಳಬೇಕಾದ ಬದುಕು. ಹೆತ್ತ ತಾಯಿಯನ್ನು ಎಂದೂ ಕಾಣದ, ಲಾಂಡ್ರಿ ನಡೆಸುತ್ತಿದ್ದ ಮಹಿಳೆಯ ಮನೆಯಲ್ಲಿ ಬೆಳೆದ, ಪದವಿ ಶಿಕ್ಷಣವನ್ನು ಪೂರ್ತಿ ಮಾಡಲಾಗದ ಒಬ್ಬ ಹುಡುಗ 30ನೇ ವಯಸ್ಸಿನಲ್ಲಿ ವಿಶ್ವವಿದ್ಯಾನಿಲಯದ ಪ್ರೊಫೆಸರ್ ಆದ. ಆಪರೇಟರ್ ಸಿದ್ಧಾಂತ ಎಂಬ ಗಣಿತದ ಶಾಖೆಗೆ ಅಡಿಪಾಯ ಹಾಕಿದವರಲ್ಲಿ ಒಬ್ಬನಾದ. ಇದು ಹೇಗೆ ಸಾಧ್ಯವಾಯಿತು ಎಂಬುದೇ ಈ ಲೇಖನದ ವಿಷಯ.

ಬಾಲ್ಯ ಮತ್ತು ಶಾಲೆ

ಸ್ಟೆಫಾನ್ ಬನಾಖ್ 1892ರ ಮಾರ್ಚ್ 30ರಂದು ಕ್ರಾಕೋವ್ ನಗರದಲ್ಲಿ ಜನಿಸಿದರು. ಅಂದು ಪೋಲೆಂಡ್ ಎಂಬ ಸ್ವತಂತ್ರ ದೇಶ ಭೂಪಟದಲ್ಲಿ ಇರಲಿಲ್ಲ. ಅದನ್ನು ಹಂಚಿಕೊಂಡಿದ್ದ ಮೂರು ಸಾಮ್ರಾಜ್ಯಗಳಲ್ಲಿ ಒಂದಾದ ಆಸ್ಟ್ರಿಯಾ-ಹಂಗೇರಿಗೆ ಕ್ರಾಕೋವ್ ಸೇರಿತ್ತು. ತಂದೆ ಸ್ಟೆಫಾನ್ ಗ್ರೆಚೆಕ್ ಸೈನ್ಯದಲ್ಲಿದ್ದ ಬಡ ಯುವಕ. ತಾಯಿ ಕತಾಜಿನಾ ಬನಾಖ್. ಇವರಿಬ್ಬರಿಗೂ ಮದುವೆಯಾಗಿರಲಿಲ್ಲ. ಮಗುವಿಗೆ ತಂದೆಯ ಹೆಸರೂ ತಾಯಿಯ ಕುಲನಾಮವೂ ಬಂದವು. ಮಗು ಹುಟ್ಟಿದ ಕೆಲವೇ ದಿನಗಳಲ್ಲಿ ತಾಯಿ ಅದರ ಬದುಕಿನಿಂದ ಮರೆಯಾದರು. ಮುಂದೆ ದೊಡ್ಡವರಾದ ಮೇಲೆ ಬನಾಖ್ ತಾಯಿಯ ಬಗ್ಗೆ ತಂದೆಯನ್ನು ವಿಚಾರಿಸಿದ್ದುಂಟು. ಆದರೆ ತಾನು ಮಾತು ಕೊಟ್ಟಿರುವುದರಿಂದ ಹೇಳಲಾಗದು ಎಂದು ತಂದೆ ಸುಮ್ಮನಾದರು.

ಮಗುವನ್ನು ಸಾಕಿದವರು ಕ್ರಾಕೋವ್‌ನಲ್ಲಿ ಲಾಂಡ್ರಿ ನಡೆಸುತ್ತಿದ್ದ ಫ್ರಾಂಚಿಷ್ಕಾ ಪ್ವೋವಾ ಎಂಬ ಮಹಿಳೆ. ಅವರ ಆಶ್ರಯದಲ್ಲಿದ್ದ ಮಾರಿಯಾ ಎಂಬ ಯುವತಿಯೂ ಹುಡುಗನನ್ನು ಅಕ್ಕರೆಯಿಂದ ನೋಡಿಕೊಂಡಳು. ಆ ಮನೆಗೆ ಬರುತ್ತಿದ್ದ ಜೂಲಿಯಸ್ ಮಿಯಾ ಎಂಬ ಫ್ರೆಂಚ್ ಮೂಲದ ಛಾಯಾಗ್ರಾಹಕರು ಹುಡುಗನ ಚುರುಕುತನವನ್ನು ಗಮನಿಸಿದರು. ಅವನಿಗೆ ಫ್ರೆಂಚ್ ಭಾಷೆ ಕಲಿಸಿದರು. ಈ ಸಣ್ಣ ಉಪಕಾರದ ಬೆಲೆ ಆಗ ಯಾರಿಗೂ ತಿಳಿದಿರಲಿಲ್ಲ. ಮೂರು ದಶಕಗಳ ಬಳಿಕ ಬನಾಖ್ ತಮ್ಮ ಮಹಾಗ್ರಂಥವನ್ನು ಪ್ರಪಂಚದ ಮುಂದಿಟ್ಟದ್ದು ಅದೇ ಫ್ರೆಂಚ್ ಭಾಷೆಯಲ್ಲಿ.

1902ರಲ್ಲಿ ಬನಾಖ್ ಹೈಸ್ಕೂಲಿಗೆ ಸೇರಿದರು. ಅಲ್ಲಿ ವಿಟೋಲ್ಡ್ ವಿಲ್ಕೋಷ್ ಎಂಬ ಗೆಳೆಯ ಸಿಕ್ಕಿದ. ಇಬ್ಬರಿಗೂ ಗಣಿತವೆಂದರೆ ಪ್ರಾಣ. ಶಾಲೆಯ ವಿರಾಮದ ಹೊತ್ತಿನಲ್ಲೂ ಲೆಕ್ಕ ಬಿಡಿಸುತ್ತಾ ಕೂರುತ್ತಿದ್ದರು. ಆದರೆ ಉಳಿದ ವಿಷಯಗಳ ಮೇಲೆ ಬನಾಖ್‌ಗೆ ಆಸಕ್ತಿ ಕಡಿಮೆ. ಮೊದಲ ವರ್ಷಗಳಲ್ಲಿ ಒಳ್ಳೆಯ ಅಂಕ ಪಡೆಯುತ್ತಿದ್ದ ಹುಡುಗ ಕೊನೆಯ ವರ್ಷಗಳಲ್ಲಿ ಹಿಂದೆ ಬಿದ್ದ. 1910ರಲ್ಲಿ ತೇರ್ಗಡೆಯಾದದ್ದು ಯಾವ ವಿಶೇಷ ಶ್ರೇಣಿಯೂ ಇಲ್ಲದೆ.

ಮುಂದೇನು ಎಂಬ ಪ್ರಶ್ನೆ ಬಂದಾಗ ಇಬ್ಬರು ಗೆಳೆಯರೂ ಒಂದು ವಿಚಿತ್ರ ತೀರ್ಮಾನಕ್ಕೆ ಬಂದರು. ಗಣಿತ ಈಗಾಗಲೇ ತುಂಬಾ ಬೆಳೆದುಬಿಟ್ಟಿದೆ, ಅದರಲ್ಲಿ ಹೊಸದಾಗಿ ಮಾಡಲು ಏನೂ ಉಳಿದಿಲ್ಲ ಎಂದು ಅವರಿಗೆ ಅನಿಸಿತು. ಹೀಗಾಗಿ ವಿಲ್ಕೋಷ್ ಪೌರಸ್ತ್ಯ ಭಾಷೆಗಳ ಅಧ್ಯಯನಕ್ಕೆ ಹೋದ, ಬನಾಖ್ ಎಂಜಿನಿಯರಿಂಗ್ ಆರಿಸಿಕೊಂಡರು. ಗಣಿತಕ್ಕೆ ಹೊಸ ಶಾಖೆಯನ್ನೇ ಕೊಡಲಿದ್ದ ವ್ಯಕ್ತಿ 18ನೇ ವಯಸ್ಸಿನಲ್ಲಿ ಗಣಿತದಲ್ಲಿ ಇನ್ನೇನೂ ಉಳಿದಿಲ್ಲ ಎಂದು ನಂಬಿದ್ದರು! ದಾರಿ ತೋರುವವರು ಯಾರೂ ಇಲ್ಲದಿದ್ದರೆ ಎಂತಹ ಬುದ್ಧಿವಂತನೂ ಹೀಗೆ ತಪ್ಪು ಲೆಕ್ಕ ಹಾಕುತ್ತಾನೆ.

ಅರ್ಧಕ್ಕೆ ನಿಂತ ಎಂಜಿನಿಯರಿಂಗ್

ಬನಾಖ್ ಕ್ರಾಕೋವ್ ಬಿಟ್ಟು ಲ್ವೂಫ್ ನಗರದ ಪಾಲಿಟೆಕ್ನಿಕ್‌ಗೆ ಸೇರಿದರು. ಈ ನಗರ ಇಂದು ಯುಕ್ರೇನ್ ದೇಶದಲ್ಲಿದ್ದು ಲ್ವೀವ್ ಎಂದು ಕರೆಯಲ್ಪಡುತ್ತದೆ. ಶಾಲೆ ಮುಗಿದ ಮೇಲೆ ತಂದೆಯಿಂದ ಹಣದ ನೆರವು ಇರಲಿಲ್ಲ. ಬೇರೆ ಹುಡುಗರಿಗೆ ಟ್ಯೂಷನ್ ಹೇಳಿ ಹೊಟ್ಟೆ ಹೊರೆಯಬೇಕಾಗಿತ್ತು. ದುಡಿಮೆ, ಓದು ಎರಡನ್ನೂ ತೂಗಿಸುವುದರಲ್ಲಿ ವರ್ಷಗಳು ಉರುಳಿದವು. 1914ರಲ್ಲಿ ಅಲ್ಲಿನ ಕೋರ್ಸಿನ ಮೊದಲ ಅರ್ಧಭಾಗದ ಪರೀಕ್ಷೆ ಮಾತ್ರ ಮುಗಿದಿತ್ತು. ಅಷ್ಟರಲ್ಲಿ ಮೊದಲ ಮಹಾಯುದ್ಧ ಶುರುವಾಯಿತು.

ಎಡಗಣ್ಣಿನ ದೃಷ್ಟಿ ಮಂದವಾಗಿದ್ದ ಕಾರಣ ಬನಾಖ್ ಅವರನ್ನು ಸೈನ್ಯಕ್ಕೆ ತೆಗೆದುಕೊಳ್ಳಲಿಲ್ಲ. ರಸ್ತೆ ನಿರ್ಮಾಣದಲ್ಲಿ ಕೆಲಸ ಮಾಡಿದರು. ಬಳಿಕ ಕ್ರಾಕೋವ್‌ಗೆ ಮರಳಿ ಟ್ಯೂಷನ್ ಹೇಳುತ್ತಾ ಕಾಲ ಕಳೆದರು. ಕೈಯಲ್ಲಿ ಪದವಿ ಇಲ್ಲ, ಕಾಯಂ ಉದ್ಯೋಗ ಇಲ್ಲ, ವಯಸ್ಸು 24. ಆದರೆ ಗಣಿತದ ಹುಚ್ಚು ಮಾತ್ರ ಬಿಟ್ಟಿರಲಿಲ್ಲ. ಪುಸ್ತಕಗಳನ್ನು ಹುಡುಕಿ ತಾವೇ ಓದುತ್ತಿದ್ದರು. ಗೆಳೆಯರು ಸಿಕ್ಕಾಗ ಅದನ್ನೇ ಚರ್ಚಿಸುತ್ತಿದ್ದರು. ಪಾಠ ಹೇಳಿಕೊಡುವ ಗುರು ಇರಲಿಲ್ಲ, ತಪ್ಪು ತಿದ್ದುವ ತರಗತಿ ಇರಲಿಲ್ಲ.

ಉದ್ಯಾನದ ಬೆಂಚು

1916ರ ವಸಂತದ ಒಂದು ಸಂಜೆ. ಕ್ರಾಕೋವ್‌ನ ಹಳೆಯ ಪಟ್ಟಣವನ್ನು ಸುತ್ತುವರಿದ ಪ್ಲಾಂಟಿ ಎಂಬ ಉದ್ಯಾನದಲ್ಲಿ ಹ್ಯೂಗೋ ಸ್ಟೈನ್‌ಹೌಸ್ ಎಂಬ ಯುವ ಗಣಿತಜ್ಞರು ನಡೆದು ಹೋಗುತ್ತಿದ್ದರು. ಸ್ಟೈನ್‌ಹೌಸ್ ಜರ್ಮನಿಯ ಗಾಟಿಂಗನ್‌ನಲ್ಲಿ ಮಹಾನ್ ಗಣಿತಜ್ಞ ಡೇವಿಡ್ ಹಿಲ್ಬರ್ಟ್ ಅವರ ಬಳಿ ಡಾಕ್ಟರೇಟ್ ಪಡೆದವರು. ದಾರಿಬದಿಯ ಬೆಂಚಿನ ಮೇಲೆ ಕುಳಿತ ಇಬ್ಬರು ತರುಣರ ಮಾತಿನಲ್ಲಿ ಲೆಬೆಗ್ ಇಂಟಿಗ್ರಲ್ ಎಂಬ ಪದ ಅವರ ಕಿವಿಗೆ ಬಿತ್ತು. ಅದು ಆ ಕಾಲಕ್ಕೆ ಬಹಳ ಹೊಸ ವಿಷಯ. ಫ್ರೆಂಚ್ ಗಣಿತಜ್ಞ ಲೆಬೆಗ್ ಅದನ್ನು ಮಂಡಿಸಿ ಹದಿನೈದು ವರ್ಷಗಳೂ ಆಗಿರಲಿಲ್ಲ. ವಿಶ್ವವಿದ್ಯಾನಿಲಯಗಳಲ್ಲೇ ಅದನ್ನು ಬಲ್ಲವರು ವಿರಳ. ಹಾಗಿರುವಾಗ ಉದ್ಯಾನದ ಬೆಂಚಿನಲ್ಲಿ ಅದರ ಚರ್ಚೆಯೇ?

ಸ್ಟೈನ್‌ಹೌಸ್ ತಮ್ಮ ಪಾಡಿಗೆ ಮುಂದೆ ಹೋಗಬಹುದಿತ್ತು. ಹೋಗಲಿಲ್ಲ. ನಿಂತರು, ತರುಣರ ಬಳಿ ಬಂದು ಪರಿಚಯ ಮಾಡಿಕೊಂಡರು. ಒಬ್ಬರು ಬನಾಖ್, ಇನ್ನೊಬ್ಬರು ಓಟೊ ನಿಕೋಡಿಮ್. ಈ ನಿಕೋಡಿಮ್ ಹೆಸರೂ ಇಂದು ಗಣಿತದ ವಿದ್ಯಾರ್ಥಿಗಳಿಗೆ ರಾಡನ್-ನಿಕೋಡಿಮ್ ಪ್ರಮೇಯದ ಮೂಲಕ ಪರಿಚಿತ.

ಮಾತು ಮುಂದುವರಿದಂತೆ ಸ್ಟೈನ್‌ಹೌಸ್ ತಮ್ಮನ್ನು ಕಾಡುತ್ತಿದ್ದ ಒಂದು ಸಮಸ್ಯೆಯನ್ನು ಬನಾಖ್ ಮುಂದಿಟ್ಟರು. ಅದು ಫೂರಿಯೆ ಶ್ರೇಣಿಗಳಿಗೆ ಸಂಬಂಧಿಸಿದ್ದು. ಒಂದು ಫಂಕ್ಷನ್ನನ್ನು ಸೈನ್, ಕೊಸೈನ್ ಎಂಬ ಸರಳ ಅಲೆಗಳ ಮೊತ್ತವಾಗಿ ಬರೆಯುವುದೇ ಫೂರಿಯೆ ಶ್ರೇಣಿ. ಪದಗಳನ್ನು ಒಂದೊಂದಾಗಿ ಸೇರಿಸುತ್ತಾ ಹೋದಾಗ ಆ ಮೊತ್ತ ಸರಾಸರಿಯ ಲೆಕ್ಕದಲ್ಲಿ ಮೂಲ ಫಂಕ್ಷನ್‌ಗೆ ಯಾವಾಗಲೂ ಹತ್ತಿರವಾಗುತ್ತದೆಯೇ ಎಂಬುದು ಪ್ರಶ್ನೆ. ಕೆಲವೇ ದಿನಗಳಲ್ಲಿ ಬನಾಖ್ ಉತ್ತರದೊಂದಿಗೆ ಬಂದರು. ಯಾವಾಗಲೂ ಹಾಗಾಗುವುದಿಲ್ಲ ಎಂದು ಉದಾಹರಣೆ ಸಹಿತ ತೋರಿಸಿದರು. ಇಬ್ಬರೂ ಸೇರಿ ಬರೆದ ಪ್ರಬಂಧ ಯುದ್ಧದ ಕಾರಣ ತಡವಾಗಿ 1918ರಲ್ಲಿ ಪ್ರಕಟವಾಯಿತು. ಬನಾಖ್ ಅವರ ಮೊದಲ ಪ್ರಕಟಣೆ ಇದು.

ಸ್ಟೈನ್‌ಹೌಸ್ ಸ್ವತಃ ದೊಡ್ಡ ಗಣಿತಜ್ಞರು. ಆದರೂ ಗಣಿತದಲ್ಲಿ ತಾನು ಮಾಡಿದ ಅತಿ ದೊಡ್ಡ ಶೋಧ ಬನಾಖ್ ಎಂದು ಅವರು ಕೊನೆಯವರೆಗೂ ಹೇಳಿಕೊಂಡು ಬಂದರು. ಬನಾಖ್ ಅವರ ಕುಟುಂಬ ಜೀವನಕ್ಕೂ ಸ್ಟೈನ್‌ಹೌಸ್ ಮನೆಯೇ ಕಾರಣವಾಯಿತು. ಅವರ ಮೂಲಕ ಪರಿಚಯವಾದ ಲೂತ್ಸಿಯಾ ಬ್ರೌಸ್ ಅವರನ್ನು ಬನಾಖ್ 1920ರಲ್ಲಿ ಮದುವೆಯಾದರು. ಅವರ ಏಕೈಕ ಪುತ್ರ ಮುಂದೆ ನರಶಸ್ತ್ರಚಿಕಿತ್ಸಕನಾದ.

ನಿಯಮ ಸಡಿಲಿಸಿದ ವಿಶ್ವವಿದ್ಯಾನಿಲಯ

1918ರಲ್ಲಿ ಪೋಲೆಂಡ್ ಸ್ವತಂತ್ರವಾಯಿತು. 1920ರಲ್ಲಿ ಲ್ವೂಫ್ ಪಾಲಿಟೆಕ್ನಿಕ್‌ನ ಪ್ರೊಫೆಸರ್ ಆಂಟೋನಿ ವೋಮ್ನಿತ್ಸ್ಕಿ ಅವರು ಬನಾಖ್‌ರನ್ನು ತಮ್ಮ ಸಹಾಯಕರಾಗಿ ನೇಮಿಸಿಕೊಂಡರು. ಪದವಿ ಇಲ್ಲದವನಿಗೆ ಇಂತಹ ಹುದ್ದೆ ಕೊಡಲು ಧೈರ್ಯ ಬೇಕಿತ್ತು. ಅದೇ ವರ್ಷ ಬನಾಖ್ ಲ್ವೂಫ್ ವಿಶ್ವವಿದ್ಯಾನಿಲಯಕ್ಕೆ ಡಾಕ್ಟರೇಟ್ ಪ್ರಬಂಧವನ್ನು ಸಲ್ಲಿಸಿದರು. ಪದವಿ ಪಡೆಯದವರು ಡಾಕ್ಟರೇಟ್‌ಗೆ ಅರ್ಹರಲ್ಲ ಎಂಬ ನಿಯಮ ಅಡ್ಡಬಂತು. ವಿಶ್ವವಿದ್ಯಾನಿಲಯ ಅವರ ವಿಷಯದಲ್ಲಿ ಆ ನಿಯಮಕ್ಕೆ ವಿನಾಯಿತಿ ನೀಡಿತು.

ಈ ಸಂದರ್ಭದ ಬಗ್ಗೆ ಒಂದು ಕಥೆ ಪ್ರಚಲಿತದಲ್ಲಿದೆ. ಬನಾಖ್‌ಗೆ ಹೊಸ ಫಲಿತಾಂಶಗಳನ್ನು ಕಂಡುಹಿಡಿಯುವುದರಲ್ಲಿ ಇದ್ದ ಉತ್ಸಾಹ ಬರೆದಿಡುವುದರಲ್ಲಿ ಇರಲಿಲ್ಲವಂತೆ. ಹಾಗಾಗಿ ಅವರು ಹೇಳಿದ್ದನ್ನು ಬೇರೆಯವರು ಬರೆದುಕೊಂಡು ಪ್ರಬಂಧ ಸಿದ್ಧಪಡಿಸಿದರಂತೆ. ಕೆಲವರು ಗಣಿತದ ಸಂದೇಹ ಕೇಳಲು ಬಂದಿದ್ದಾರೆ ಎಂದು ಹೇಳಿ ಅವರನ್ನು ಒಂದು ಕೋಣೆಗೆ ಕರೆದೊಯ್ದರಂತೆ. ಬನಾಖ್ ಸಂತೋಷದಿಂದ ಎಲ್ಲದಕ್ಕೂ ಉತ್ತರಿಸಿದರು, ಅದೇ ತಮ್ಮ ಡಾಕ್ಟರೇಟ್ ಪರೀಕ್ಷೆ ಎಂಬುದು ಅವರಿಗೆ ತಿಳಿದೇ ಇರಲಿಲ್ಲವಂತೆ. ಇದರಲ್ಲಿ ಎಷ್ಟು ನಿಜ, ಎಷ್ಟು ಉಪ್ಪುಖಾರ ಎಂಬುದು ಬೇರೆ ಮಾತು. ವಿನಾಯಿತಿ ಸಿಕ್ಕಿದ್ದಂತೂ ನಿಜ, ಆ ವಿನಾಯಿತಿ ವ್ಯರ್ಥವಾಗಲಿಲ್ಲ ಎಂಬುದೂ ನಿಜ. 1922ರಲ್ಲಿ ಅವರು ಅದೇ ವಿಶ್ವವಿದ್ಯಾನಿಲಯದಲ್ಲಿ ಪ್ರೊಫೆಸರ್ ಆದರು. 1927ರಲ್ಲಿ ಪೂರ್ಣ ಪ್ರೊಫೆಸರ್ ಹುದ್ದೆ ದೊರೆಯಿತು.

ಫಂಕ್ಷನ್‌ಗಳೇ ಬಿಂದುಗಳಾದಾಗ

ಬನಾಖ್ ಮಾಡಿದ್ದೇನು? ಸರಳವಾಗಿ ಹೇಳಲು ಪ್ರಯತ್ನಿಸೋಣ. ಒಂದು ಸಂಖ್ಯೆಯನ್ನು ಕೊಟ್ಟರೆ ಇನ್ನೊಂದು ಸಂಖ್ಯೆಯನ್ನು ಹಿಂತಿರುಗಿಸುವ ನಿಯಮವೇ ಫಂಕ್ಷನ್. ಕಾಲೇಜಿನಲ್ಲಿ ಕಲಿಯುವ ಕ್ಯಾಲ್ಕುಲಸ್‌ನಲ್ಲಿ ಇನ್ನೊಂದು ರೀತಿಯ ನಿಯಮವಿದೆ. ಡಿಫರೆನ್ಶಿಯೇಷನ್‌ಗೆ ನಾವು ಕೊಡುವುದು ಒಂದು ಇಡೀ ಫಂಕ್ಷನ್ನನ್ನು, ಅದು ಹಿಂತಿರುಗಿಸುವುದೂ ಇನ್ನೊಂದು ಫಂಕ್ಷನ್ನನ್ನು. ಇಂಟಿಗ್ರೇಷನ್ ಕೂಡ ಹೀಗೆಯೇ. ಫಂಕ್ಷನ್‌ಗಳ ಮೇಲೆ ಕೆಲಸ ಮಾಡುವ ಇಂತಹ ನಿಯಮಕ್ಕೆ ಆಪರೇಟರ್ ಎನ್ನುತ್ತಾರೆ. ಎರಡು ಫಂಕ್ಷನ್‌ಗಳನ್ನು ಕೂಡಿಸಿ ಕೊಟ್ಟರೆ ಅವುಗಳ ಫಲಗಳ ಮೊತ್ತವೇ ಬರುವಂತಿದ್ದು, ಒಂದು ಸಂಖ್ಯೆಯಿಂದ ಗುಣಿಸಿ ಕೊಟ್ಟರೆ ಫಲವೂ ಅಷ್ಟೇ ಪಟ್ಟು ಆಗುವಂತಿದ್ದರೆ ಅದು ಲೀನಿಯರ್ ಆಪರೇಟರ್.

19ನೇ ಶತಮಾನದ ಕೊನೆಯಿಂದ ಗಣಿತಜ್ಞರು ಇಂತಹ ಆಪರೇಟರ್‌ಗಳನ್ನು ಒಂದೊಂದಾಗಿ ಅಭ್ಯಾಸ ಮಾಡುತ್ತಿದ್ದರು. ಇಟಲಿಯ ವೋಲ್ಟೆರ್ರಾ, ಸ್ವೀಡನ್ನಿನ ಫ್ರೆಡ್‌ಹೋಮ್, ಜರ್ಮನಿಯ ಹಿಲ್ಬರ್ಟ್, ಹಂಗೇರಿಯ ರೀಸ್ ಮುಂತಾದವರು ದೊಡ್ಡ ಕೆಲಸ ಮಾಡಿದ್ದರು. ಆದರೆ ಪ್ರತಿ ಬಗೆಯ ಫಂಕ್ಷನ್‌ಗೂ ಪ್ರತ್ಯೇಕ ಸಾಧನೆ ಬೇಕಾಗುತ್ತಿತ್ತು. ಬನಾಖ್ ತಮ್ಮ ಡಾಕ್ಟರೇಟ್ ಪ್ರಬಂಧದಲ್ಲಿ ಈ ಎಲ್ಲವುಗಳಲ್ಲೂ ಸಮಾನವಾಗಿರುವ ಕೆಲವೇ ಗುಣಗಳನ್ನು ಹೆಕ್ಕಿ ತೆಗೆದರು. ಒಂದೊಂದು ಫಂಕ್ಷನ್ನನ್ನೂ ಒಂದು ಬಿಂದುವಿನಂತೆ ನೋಡಿ. ಬಿಂದುಗಳನ್ನು ಕೂಡಿಸಬಹುದು, ಸಂಖ್ಯೆಯಿಂದ ಗುಣಿಸಬಹುದು. ಪ್ರತಿ ಬಿಂದುವಿಗೂ ನಾರ್ಮ್ ಎಂಬ ಒಂದು ಅಳತೆ ಇದೆ. ಎರಡು ಬಿಂದುಗಳ ನಡುವಿನ ದೂರವನ್ನು ಅದರಿಂದ ಲೆಕ್ಕ ಹಾಕಬಹುದು. ಕೊನೆಯದಾಗಿ, ಪರಸ್ಪರ ಹತ್ತಿರ ಹತ್ತಿರವಾಗುತ್ತಾ ಸಾಗುವ ಬಿಂದುಗಳ ಸಾಲು ಗುರಿ ಇಲ್ಲದೆ ಅಲೆಯುವುದಿಲ್ಲ. ಅದು ಮುಟ್ಟುವ ಬಿಂದು ಆ ಸಮೂಹದ ಒಳಗೇ ಇರುತ್ತದೆ. ಇಷ್ಟು ಇದ್ದರೆ ಸಾಕು, ಅದೇ ಇಂದು ನಾವು ಹೇಳುವ ಬನಾಖ್ ಸ್ಪೇಸ್. ಈ ಹೆಸರನ್ನು ಇತರರು ಕೊಟ್ಟದ್ದು. ಬನಾಖ್ ತಮ್ಮ ಬರವಣಿಗೆಯಲ್ಲಿ ಅದನ್ನು ಬಿ ಮಾದರಿಯ ಸ್ಪೇಸ್ ಎಂದಷ್ಟೇ ಕರೆದರು. ಹೆಚ್ಚುಕಡಿಮೆ ಇದೇ ಸಮಯದಲ್ಲಿ ಅಮೆರಿಕದ ನಾರ್ಬರ್ಟ್ ವೀನರ್ ಕೂಡ ಸ್ವತಂತ್ರವಾಗಿ ಇದೇ ವಿಚಾರವನ್ನು ತಲುಪಿದ್ದರು, ಆದರೆ ಅವರು ಬೇರೆ ವಿಷಯಗಳತ್ತ ಹೊರಳಿದರು.

1922ರಲ್ಲಿ ಪ್ರಕಟವಾದ ಅದೇ ಪ್ರಬಂಧದಲ್ಲಿ ಪ್ರಸಿದ್ಧವಾದ ಸ್ಥಿರಬಿಂದು ಪ್ರಮೇಯವೂ ಇದೆ. ನಿಮ್ಮ ಊರಿನ ಒಂದು ನಕ್ಷೆಯನ್ನು ಅದೇ ಊರಿನ ಯಾವುದಾದರೂ ಮನೆಯ ನೆಲದ ಮೇಲೆ ಹಾಸಿರಿ. ನಕ್ಷೆಯ ಒಂದು ಬಿಂದು, ಒಂದೇ ಒಂದು ಬಿಂದು, ತಾನು ಸೂಚಿಸುವ ಜಾಗದ ಮೇಲೆಯೇ ಸರಿಯಾಗಿ ಕುಳಿತಿರುತ್ತದೆ. ದೂರಗಳನ್ನು ಒಂದೇ ಪ್ರಮಾಣದಲ್ಲಿ ಕುಗ್ಗಿಸುವ ಯಾವುದೇ ಕ್ರಿಯೆಗೆ ಇಂತಹ ಒಂದು ಸ್ಥಿರಬಿಂದು ಇದ್ದೇ ಇರುತ್ತದೆ, ಆ ಕ್ರಿಯೆಯನ್ನು ಮತ್ತೆ ಮತ್ತೆ ಮಾಡುತ್ತಾ ಹೋದರೆ ಅದನ್ನು ಸಮೀಪಿಸಬಹುದು. ಸಮೀಕರಣಗಳಿಗೆ ಪರಿಹಾರ ಇದೆ ಎಂದು ತೋರಿಸಲು, ಆ ಪರಿಹಾರವನ್ನು ಹಂತಹಂತವಾಗಿ ಲೆಕ್ಕ ಹಾಕಲು ಇಂದಿಗೂ ಈ ಪ್ರಮೇಯವನ್ನು ಬಳಸುತ್ತಾರೆ.

ಮುಂದಿನ ಹತ್ತು ವರ್ಷ ಬನಾಖ್ ಪಾಲಿಗೆ ಸುಗ್ಗಿಯ ಕಾಲ. 1924ರಲ್ಲಿ ಆಲ್ಫ್ರೆಡ್ ಟಾರ್ಸ್ಕಿ ಜೊತೆ ಸೇರಿ ಒಂದು ಘನ ಗೋಲವನ್ನು ಕೆಲವೇ ಭಾಗಗಳಾಗಿ ವಿಂಗಡಿಸಿ ಅವುಗಳಿಂದಲೇ ಅಷ್ಟೇ ದೊಡ್ಡ ಎರಡು ಗೋಲಗಳನ್ನು ಜೋಡಿಸಬಹುದೆಂದು ತರ್ಕಬದ್ಧವಾಗಿ ಸಾಧಿಸಿದರು. ಚಾಕುವಿನಿಂದ ಕತ್ತರಿಸಲಾಗದ, ಘನಫಲವನ್ನೇ ಅಳೆಯಲಾಗದ ಭಾಗಗಳವು. 1927ರಲ್ಲಿ ಸ್ಟೈನ್‌ಹೌಸ್ ಜೊತೆಗಿನ ಬನಾಖ್-ಸ್ಟೈನ್‌ಹೌಸ್ ಪ್ರಮೇಯ ಬಂತು. 1929ರಲ್ಲಿ ಈಗ ಹಾನ್-ಬನಾಖ್ ಪ್ರಮೇಯ ಎಂದು ಕರೆಯಲಾಗುವ ಫಲಿತಾಂಶ ಪ್ರಕಟವಾಯಿತು. ಸ್ಪೇಸ್‌ನ ಒಂದು ಸಣ್ಣ ಭಾಗದಲ್ಲಿ ಗೊತ್ತಿರುವ ಲೀನಿಯರ್ ಅಳತೆಯನ್ನು ಅದರ ಗಾತ್ರ ಹೆಚ್ಚದಂತೆ ಇಡೀ ಸ್ಪೇಸ್‌ಗೆ ವಿಸ್ತರಿಸಬಹುದು ಎಂಬುದು ಅದರ ಸಾರಾಂಶ. ವಿಯೆನ್ನಾದ ಹಾನ್ ಅದನ್ನು ಎರಡು ವರ್ಷ ಮೊದಲೇ ಕಂಡುಕೊಂಡಿದ್ದರು. ಇದು ತಿಳಿದಾಗ ಬನಾಖ್ ಹಾನ್ ಅವರ ಹಿರಿಮೆಯನ್ನು ಬರವಣಿಗೆಯಲ್ಲೇ ಒಪ್ಪಿಕೊಂಡರು.

1929ರಲ್ಲಿಯೇ ಬನಾಖ್ ಮತ್ತು ಸ್ಟೈನ್‌ಹೌಸ್ ಸೇರಿ ಸ್ಟುಡಿಯಾ ಮ್ಯಾಥೆಮ್ಯಾಟಿಕಾ ಎಂಬ ಸಂಶೋಧನಾ ಪತ್ರಿಕೆ ಆರಂಭಿಸಿದರು. ಅದು ಇಂದಿಗೂ ಪ್ರಕಟವಾಗುತ್ತಿದೆ. 1931ರಲ್ಲಿ ಪೋಲಿಷ್ ಭಾಷೆಯಲ್ಲಿ, 1932ರಲ್ಲಿ ಫ್ರೆಂಚ್ ಭಾಷೆಯಲ್ಲಿ ಲೀನಿಯರ್ ಆಪರೇಟರ್‌ಗಳ ಸಿದ್ಧಾಂತದ ಬಗ್ಗೆ ಬನಾಖ್ ಅವರ ಗ್ರಂಥ ಹೊರಬಂತು. ಫ್ರೆಂಚ್ ಆವೃತ್ತಿ ಯುರೋಪ್, ಅಮೆರಿಕಗಳ ಗಣಿತಜ್ಞರ ಕೈಸೇರಿತು. ಚದುರಿಹೋಗಿದ್ದ ಫಲಿತಾಂಶಗಳು ಒಂದೇ ಸೂರಿನಡಿ ಬಂದವು, ಹೊಸ ಶಾಖೆಗೆ ಪಠ್ಯಪುಸ್ತಕ ಸಿಕ್ಕಂತಾಯಿತು.

ಸಂಕೀರ್ಣ ಸಂಖ್ಯೆಗಳ ಕಡೆಗೆ

ಬನಾಖ್ ಅವರ ಗ್ರಂಥ ಮುಖ್ಯವಾಗಿ ವಾಸ್ತವ ಸಂಖ್ಯೆಗಳನ್ನು ಆಧರಿಸಿದ್ದು. ಆದರೆ ಮೈನಸ್ ಒಂದರ ವರ್ಗಮೂಲವನ್ನು ಒಳಗೊಂಡ ಸಂಕೀರ್ಣ ಸಂಖ್ಯೆಗಳನ್ನು ಬಳಸಿದಾಗ ಈ ಸಿದ್ಧಾಂತದ ಪೂರ್ಣ ಶಕ್ತಿ ಹೊರಬಂತು. 1938ರಲ್ಲಿ ಹಾನ್-ಬನಾಖ್ ಪ್ರಮೇಯವನ್ನು ಸಂಕೀರ್ಣ ಸಂಖ್ಯೆಗಳಿಗೂ ವಿಸ್ತರಿಸಲಾಯಿತು. 1941ರಲ್ಲಿ ಸೋವಿಯತ್ ಗಣಿತಜ್ಞ ಗೆಲ್‌ಫಾಂಡ್, ಗುಣಾಕಾರವೂ ಇರುವ ಬನಾಖ್ ಸ್ಪೇಸ್‌ಗಳ ಸಿದ್ಧಾಂತವನ್ನು ಬೆಳೆಸಿದರು. ಅಲ್ಲಿ ಕಾಂಪ್ಲೆಕ್ಸ್ ಅನಾಲಿಸಿಸ್ ಪಾಠದಲ್ಲಿ ಬರುವ ಲಿಯೂವಿಲ್ ಪ್ರಮೇಯವೇ ಮುಖ್ಯ ಸಾಧನವಾಯಿತು. ವೀನರ್ ಬಹಳ ಕಷ್ಟಪಟ್ಟು ಸಾಧಿಸಿದ್ದ ಒಂದು ಪ್ರಮೇಯವನ್ನು ಗೆಲ್‌ಫಾಂಡ್ ಈ ದಾರಿಯಲ್ಲಿ ಕೆಲವೇ ಸಾಲುಗಳಲ್ಲಿ ಸಾಧಿಸಿ ತೋರಿಸಿದಾಗ ಬನಾಖ್ ಅವರ ದೃಷ್ಟಿಯ ಬೆಲೆ ಎಲ್ಲರಿಗೂ ಮನವರಿಕೆಯಾಯಿತು. 1949ರಲ್ಲಿ ಸ್ವೀಡನ್ನಿನ ಬ್ಯೂರ್ಲಿಂಗ್, ಒಂದು ಸರಳ ಆಪರೇಟರ್‌ನ ರಚನೆಯನ್ನು ಸಂಕೀರ್ಣ ಫಂಕ್ಷನ್‌ಗಳ ಮೂಲಕ ಪೂರ್ತಿಯಾಗಿ ವಿವರಿಸಿದರು. ಅಂದಿನಿಂದ ಕಾಂಪ್ಲೆಕ್ಸ್ ಅನಾಲಿಸಿಸ್ ಮತ್ತು ಆಪರೇಟರ್ ಸಿದ್ಧಾಂತ ಒಂದರ ಕೈಯನ್ನು ಇನ್ನೊಂದು ಹಿಡಿದು ಸಾಗಿವೆ. ಭಾರತವೂ ಸೇರಿದಂತೆ ಅನೇಕ ದೇಶಗಳ ಸಂಶೋಧಕರು ಇಂದು ಈ ಗಡಿಯಲ್ಲಿ ಕೆಲಸ ಮಾಡುತ್ತಿದ್ದಾರೆ.

ಕೆಫೆಯ ಮೇಜು ಮತ್ತು ಒಂದು ನೋಟ್‌ಪುಸ್ತಕ

ಬನಾಖ್ ಒಂಟಿಯಾಗಿ ಕೋಣೆಯಲ್ಲಿ ಕುಳಿತು ಕೆಲಸ ಮಾಡುವವರಲ್ಲ. ಅವರಿಗೆ ಸದ್ದುಗದ್ದಲ ಬೇಕು, ಸುತ್ತ ಜನ ಬೇಕು. ವಿಶ್ವವಿದ್ಯಾನಿಲಯದ ಹತ್ತಿರವಿದ್ದ ಸ್ಕಾಟಿಷ್ ಕೆಫೆ ಅವರ ನಿಜವಾದ ಕಚೇರಿಯಾಗಿತ್ತು. ಸ್ಟಾನಿಸ್ವಾಫ್ ಮಜೂರ್, ಸ್ಟಾನಿಸ್ವಾಫ್ ಉಲಾಮ್ ಮುಂತಾದ ಶಿಷ್ಯರು, ಮಿತ್ರರು ಅಲ್ಲಿ ಸೇರುತ್ತಿದ್ದರು. ಗಂಟೆಗಟ್ಟಲೆ ಚರ್ಚೆ ನಡೆಯುತ್ತಿತ್ತು. ಪ್ರೊಫೆಸರ್, ವಿದ್ಯಾರ್ಥಿ ಎಂಬ ಭೇದ ಆ ಮೇಜಿನಲ್ಲಿ ಇರಲಿಲ್ಲ. ಯಾರ ಸಾಧನೆ ಸರಿಯೋ ಅವರ ಮಾತು ನಡೆಯುತ್ತಿತ್ತು.

ಲೆಕ್ಕಗಳನ್ನು ಅವರು ಮೇಜಿನ ಅಮೃತಶಿಲೆಯ ಮೇಲೆಯೇ ಪೆನ್ಸಿಲಿನಿಂದ ಬರೆಯುತ್ತಿದ್ದರು. ರಾತ್ರಿ ಕೆಫೆಯ ಕೆಲಸಗಾರರು ಮೇಜು ಒರೆಸಿದಾಗ ಪ್ರಮೇಯಗಳೂ ಅಳಿಸಿಹೋಗುತ್ತಿದ್ದವು. ಇದಕ್ಕೆ ಪರಿಹಾರ ಹುಡುಕಿದವರು ಬನಾಖ್ ಅವರ ಪತ್ನಿ ಲೂತ್ಸಿಯಾ. ಅವರು ಒಂದು ದಪ್ಪ ನೋಟ್‌ಪುಸ್ತಕ ಕೊಂಡು ತಂದರು. ಅದನ್ನು ಕೆಫೆಯಲ್ಲೇ ಇಡಲಾಯಿತು, ಗಣಿತಜ್ಞರು ಕೇಳಿದಾಗ ಮಾಣಿ ತಂದುಕೊಡುತ್ತಿದ್ದ. 1935ರ ಜುಲೈ 17ರಂದು ಬನಾಖ್ ಅದರಲ್ಲಿ ಮೊದಲ ಸಮಸ್ಯೆ ಬರೆದರು. ಸ್ಕಾಟಿಷ್ ಬುಕ್ ಎಂದು ಪ್ರಸಿದ್ಧವಾದ ಈ ಪುಸ್ತಕದಲ್ಲಿ 190ಕ್ಕೂ ಹೆಚ್ಚು ಸಮಸ್ಯೆಗಳಿವೆ. ಫ್ರಾನ್ಸಿನ ಫ್ರೆಶೆ, ಹಂಗೇರಿ ಮೂಲದ ಫಾನ್ ನಾಯ್ಮನ್ ಮುಂತಾದ ಅತಿಥಿಗಳೂ ಅದರಲ್ಲಿ ಸಮಸ್ಯೆಗಳನ್ನು ಬರೆದಿದ್ದಾರೆ.

ಕೆಲವು ಸಮಸ್ಯೆಗಳಿಗೆ ಬಹುಮಾನವೂ ಇತ್ತು. ಒಂದು ಕಪ್ ಕಾಫಿಯಿಂದ ಹಿಡಿದು ಊಟದವರೆಗೆ. 1936ರ ನವೆಂಬರ್ 6ರಂದು ಮಜೂರ್ ಬರೆದ 153ನೇ ಸಮಸ್ಯೆಗೆ ಇಟ್ಟ ಬಹುಮಾನ ಒಂದು ಜೀವಂತ ಹೆಬ್ಬಾತು! ಬನಾಖ್ ಸ್ಪೇಸ್‌ಗಳ ಕೆಲವು ಜಟಿಲ ಆಪರೇಟರ್‌ಗಳನ್ನು ಸರಳ ಆಪರೇಟರ್‌ಗಳಿಂದ ಸಮೀಪಿಸಬಹುದೇ ಎಂಬ ಪ್ರಶ್ನೆಗೆ ಅದು ಹತ್ತಿರದ ಸಂಬಂಧಿ ಎಂದು ಮುಂದೆ ತಿಳಿಯಿತು. ಉತ್ತರ ಸಿಕ್ಕಿದ್ದು 1972ರಲ್ಲಿ. ಸ್ವೀಡನ್ನಿನ ತರುಣ ಪೆರ್ ಎನ್‌ಫ್ಲೋ ಯಾವಾಗಲೂ ಹಾಗೆ ಸಾಧ್ಯವಿಲ್ಲ ಎಂದು ತೋರಿಸಿದರು. ಮಜೂರ್ ಆಗಲೂ ಬದುಕಿದ್ದರು, ತಮ್ಮ ಮಾತು ಮರೆತಿರಲಿಲ್ಲ. ವಾರ್ಸಾದಲ್ಲಿ ಎನ್‌ಫ್ಲೋ ಕೈಗೆ ಜೀವಂತ ಹೆಬ್ಬಾತನ್ನು ಒಪ್ಪಿಸಿದರು.

ಬನಾಖ್ ಅವರ ದೌರ್ಬಲ್ಯಗಳನ್ನೂ ಹೇಳದಿದ್ದರೆ ಚಿತ್ರ ಪೂರ್ಣವಾಗದು. ಅವರು ವಿಪರೀತ ಸಿಗರೇಟು ಸೇದುತ್ತಿದ್ದರು, ಮದ್ಯವನ್ನೂ ಸೇವಿಸುತ್ತಿದ್ದರು. ಕೈಗೆ ಬಂದ ಹಣ ನಿಲ್ಲುತ್ತಿರಲಿಲ್ಲ, ಸಾಲ ಬೆಳೆಯುತ್ತಿತ್ತು. ಸಾಲ ತೀರಿಸಲು ಶಾಲಾ ಮಕ್ಕಳಿಗೆ ಅಂಕಗಣಿತ, ಬೀಜಗಣಿತದ ಪಠ್ಯಪುಸ್ತಕಗಳನ್ನು ಇತರರೊಂದಿಗೆ ಸೇರಿ ಬರೆದರು. ಅವುಗಳಿಗೆ ಒಳ್ಳೆಯ ಹೆಸರೂ ಬಂತು.

1936ರಲ್ಲಿ ಓಸ್ಲೋದಲ್ಲಿ ನಡೆದ ಅಂತಾರಾಷ್ಟ್ರೀಯ ಗಣಿತಜ್ಞರ ಸಮ್ಮೇಳನದಲ್ಲಿ ಬನಾಖ್ ಪ್ರಧಾನ ಉಪನ್ಯಾಸ ನೀಡಿದರು. 1939ರಲ್ಲಿ ಪೋಲಿಷ್ ಗಣಿತ ಸಂಘದ ಅಧ್ಯಕ್ಷರಾದರು. ಅದೇ ವರ್ಷ ಎಲ್ಲವೂ ಕುಸಿಯಿತು.

ಯುದ್ಧದ ವರ್ಷಗಳು

1939ರ ಸೆಪ್ಟೆಂಬರ್‌ನಲ್ಲಿ ಎರಡನೇ ಮಹಾಯುದ್ಧ ಆರಂಭವಾಯಿತು. ಲ್ವೂಫ್ ಸೋವಿಯತ್ ಒಕ್ಕೂಟದ ವಶವಾಯಿತು. ಬನಾಖ್ ಡೀನ್ ಆಗಿ ಕೆಲಸ ಮುಂದುವರಿಸಿದರು, ಸೋವಿಯತ್ ಗಣಿತಜ್ಞರೊಂದಿಗೆ ಅವರಿಗೆ ಸ್ನೇಹವಿತ್ತು. ಸ್ಕಾಟಿಷ್ ಬುಕ್‌ನ ಕೊನೆಯ ಸಮಸ್ಯೆ 1941ರ ಮೇ 31ರಂದು ಸ್ಟೈನ್‌ಹೌಸ್ ಬರೆದದ್ದು. ಒಂದು ತಿಂಗಳ ಬಳಿಕ ಜರ್ಮನ್ ಸೈನ್ಯ ನಗರವನ್ನು ಹಿಡಿಯಿತು.

ನಾಜಿಗಳು ಮಾಡಿದ ಮೊದಲ ಕೆಲಸಗಳಲ್ಲಿ ಒಂದು ಪ್ರೊಫೆಸರ್‌ಗಳ ಹತ್ಯೆ. 1941ರ ಜುಲೈ 4ರ ಮುಂಜಾವ ಲ್ವೂಫ್‌ನ ಹಲವು ಪ್ರೊಫೆಸರ್‌ಗಳನ್ನು ಮನೆಗಳಿಂದ ಎಳೆದೊಯ್ದು ಒಂದು ಗುಡ್ಡದ ಬದಿಯಲ್ಲಿ ಗುಂಡಿಟ್ಟು ಕೊಂದರು. ಪದವಿಯಿಲ್ಲದ ಬನಾಖ್‌ಗೆ ಮೊದಲ ಕೆಲಸ ಕೊಟ್ಟಿದ್ದ ವೋಮ್ನಿತ್ಸ್ಕಿ ಅವರಲ್ಲಿ ಒಬ್ಬರು. ಬನಾಖ್ ಜೊತೆ ಶಾಲಾ ಪಠ್ಯಪುಸ್ತಕ ಬರೆದಿದ್ದ ಸ್ಟೋಜೆಕ್ ಇನ್ನೊಬ್ಬರು. ಸ್ಕಾಟಿಷ್ ಕೆಫೆಯ ಗೆಳೆಯರಲ್ಲಿ ಯಹೂದಿಗಳಾಗಿದ್ದ ಶೌಡರ್, ಔಎರ್‌ಬಾಖ್ ಯುದ್ಧದ ನಡುವೆ ಪ್ರಾಣ ಕಳೆದುಕೊಂಡರು. ಯಹೂದಿ ಕುಟುಂಬದಲ್ಲಿ ಹುಟ್ಟಿದ್ದ ಸ್ಟೈನ್‌ಹೌಸ್ ಬೇರೆ ಹೆಸರಿನಲ್ಲಿ ಹಳ್ಳಿಗಳಲ್ಲಿ ಅಡಗಿ ಬದುಕುಳಿದರು. ಅಡಗಿದ್ದ ದಿನಗಳಲ್ಲೂ ಅವರು ಮಕ್ಕಳಿಗೆ ಗುಟ್ಟಾಗಿ ಪಾಠ ಹೇಳುವುದನ್ನು ಬಿಡಲಿಲ್ಲ.

ಬನಾಖ್ ಬದುಕಿ ಉಳಿದದ್ದು ಹೇನುಗಳಿಂದ ಎಂದರೆ ನಂಬುವುದು ಕಷ್ಟ. ಲ್ವೂಫ್‌ನಲ್ಲಿ ರುಡಾಲ್ಫ್ ವೈಗ್ಲ್ ಎಂಬ ಜೀವವಿಜ್ಞಾನಿ ಟೈಫಸ್ ಜ್ವರಕ್ಕೆ ಲಸಿಕೆ ತಯಾರಿಸುವ ಸಂಸ್ಥೆ ನಡೆಸುತ್ತಿದ್ದರು. ಹೇನುಗಳಿಂದ ಹರಡುವ ಈ ರೋಗದ ಲಸಿಕೆಯನ್ನು ಹೇನುಗಳಿಂದಲೇ ತಯಾರಿಸಬೇಕಿತ್ತು, ಹೇನುಗಳಿಗೆ ಬೇಕಾದದ್ದು ಮನುಷ್ಯರ ರಕ್ತ. ಸಣ್ಣ ಪೆಟ್ಟಿಗೆಗಳಲ್ಲಿ ಹೇನುಗಳನ್ನು ತುಂಬಿ ಕಾಲಿಗೆ ಕಟ್ಟಿಕೊಂಡು ಅವು ರಕ್ತ ಹೀರುವವರೆಗೆ ಕೂರಬೇಕು. ಜರ್ಮನ್ ಸೈನ್ಯಕ್ಕೆ ಈ ಲಸಿಕೆ ಅಗತ್ಯವಾಗಿದ್ದ ಕಾರಣ ಅಲ್ಲಿ ಕೆಲಸ ಮಾಡುವವರಿಗೆ ಗುರುತುಪತ್ರ ಸಿಗುತ್ತಿತ್ತು, ಬಂಧನದಿಂದ ಒಂದಿಷ್ಟು ರಕ್ಷಣೆ ಸಿಗುತ್ತಿತ್ತು. ವೈಗ್ಲ್ ಇದನ್ನೇ ಬಳಸಿ ನಗರದ ಅನೇಕ ವಿದ್ವಾಂಸರಿಗೆ ಆಶ್ರಯ ನೀಡಿದರು. ಓಸ್ಲೋದಲ್ಲಿ ಜಗತ್ತಿನ ಗಣಿತಜ್ಞರನ್ನು ಉದ್ದೇಶಿಸಿ ಮಾತನಾಡಿದ್ದ ಬನಾಖ್ 1944ರ ಬೇಸಿಗೆಯವರೆಗೆ ಕಾಲಿಗೆ ಹೇನಿನ ಪೆಟ್ಟಿಗೆ ಕಟ್ಟಿಕೊಂಡು ಕುಳಿತರು.

ಜರ್ಮನ್ನರು ಹಿಂದೆ ಸರಿದಾಗ ಬನಾಖ್ ಅವರ ದೇಹ ಸೋತುಹೋಗಿತ್ತು. ಕ್ರಾಕೋವ್ ವಿಶ್ವವಿದ್ಯಾನಿಲಯದಲ್ಲಿ ಅವರಿಗೆ ಹುದ್ದೆ ಕಾದಿತ್ತು. ಹುಟ್ಟಿದ ಊರಿಗೆ ಪ್ರೊಫೆಸರ್ ಆಗಿ ಮರಳುವ ಆ ಅವಕಾಶ ಕೈಗೂಡಲಿಲ್ಲ. ಶ್ವಾಸಕೋಶದ ಕ್ಯಾನ್ಸರ್‌ನಿಂದ 1945ರ ಆಗಸ್ಟ್ 31ರಂದು ಲ್ವೂಫ್‌ನಲ್ಲಿ ನಿಧನರಾದರು. ವಯಸ್ಸು ಕೇವಲ 53. ಅಲ್ಲಿನ ಲಿಚಾಕಿವ್ ಸ್ಮಶಾನದಲ್ಲಿ ಅವರ ಸಮಾಧಿ ಇದೆ.

ಸ್ಕಾಟಿಷ್ ಬುಕ್ ಉಳಿಯಿತು. ಲೂತ್ಸಿಯಾ ಅದನ್ನು ಯುದ್ಧದ ನಡುವೆಯೂ ಕಾಪಾಡಿ ಪೋಲೆಂಡಿಗೆ ತಂದರು. ಸ್ಟೈನ್‌ಹೌಸ್ ಅದರ ಪ್ರತಿಯನ್ನು ಅಮೆರಿಕದಲ್ಲಿದ್ದ ಉಲಾಮ್‌ಗೆ ಕಳುಹಿಸಿದರು. ಉಲಾಮ್ 1957ರಲ್ಲಿ ಅದನ್ನು ಇಂಗ್ಲಿಷಿಗೆ ಅನುವಾದಿಸಿ ಹಂಚಿದರು.

ನಮಗೇನು ಪಾಠ?

ಬನಾಖ್ ಅಸಾಮಾನ್ಯ ಪ್ರತಿಭಾವಂತರು, ಅದರಲ್ಲಿ ಎರಡು ಮಾತಿಲ್ಲ. ವಿದ್ಯಾರ್ಥಿಗಳು ಅವರಿಂದ ಕಲಿಯಬೇಕಾದದ್ದು ಪರೀಕ್ಷೆಯನ್ನು ಕಡೆಗಣಿಸುವುದನ್ನಲ್ಲ. ಪದವಿ ಇಲ್ಲದ ಕಾರಣಕ್ಕೆ ಅವರು ಕಳೆದುಕೊಂಡ ವರ್ಷಗಳು ಕಡಿಮೆಯಲ್ಲ. ಕಲಿಯಬೇಕಾದದ್ದು, ಕೈಯಲ್ಲಿ ಏನೂ ಇಲ್ಲದ ದಿನಗಳಲ್ಲೂ ಅವರು ಪುಸ್ತಕವನ್ನು ಕೆಳಗಿಡಲಿಲ್ಲ ಎಂಬುದನ್ನು. ಆ ಸಂಜೆ ಬೆಂಚಿನ ಮೇಲೆ ಅವರು ಲೆಬೆಗ್ ಇಂಟಿಗ್ರಲ್ ಬಗ್ಗೆ ಮಾತನಾಡುತ್ತಿರದಿದ್ದರೆ ಸ್ಟೈನ್‌ಹೌಸ್ ನಿಲ್ಲುತ್ತಿರಲಿಲ್ಲ.

ಆದರೆ ಹಿರಿಯರಾದ ನಾವು ಕಲಿಯಬೇಕಾದ ಪಾಠ ಇನ್ನೊಂದಿದೆ. ಈ ಬದುಕಿನ ತಿರುವುಗಳಲ್ಲೆಲ್ಲ ಯಾರಾದರ ಕೈ ಇದೆ. ಸಾಕಿದ ಲಾಂಡ್ರಿಯ ಮಹಿಳೆ, ಫ್ರೆಂಚ್ ಕಲಿಸಿದ ಛಾಯಾಗ್ರಾಹಕ, ದಾರಿಯಲ್ಲಿ ನಿಂತು ಕಿವಿಗೊಟ್ಟ ಸ್ಟೈನ್‌ಹೌಸ್, ಕೆಲಸ ಕೊಟ್ಟ ವೋಮ್ನಿತ್ಸ್ಕಿ, ನಿಯಮ ಸಡಿಲಿಸಿದ ವಿಶ್ವವಿದ್ಯಾನಿಲಯ, ನೋಟ್‌ಪುಸ್ತಕ ತಂದ ಪತ್ನಿ, ಜೀವ ಉಳಿಸಿದ ವೈಗ್ಲ್. ಇವರಲ್ಲಿ ಹೆಚ್ಚಿನವರು ಮಾಡಿದ್ದು ದೊಡ್ಡ ಖರ್ಚಿನ ಕೆಲಸವೂ ಅಲ್ಲ. ಅಂಕಪಟ್ಟಿಯಲ್ಲಿ ಕಾಣದ ಪ್ರತಿಭೆಯನ್ನು ಅವರು ಕಂಡರು, ಕಂಡ ಮೇಲೆ ಸುಮ್ಮನೆ ಮುಂದೆ ಹೋಗಲಿಲ್ಲ. ನಮ್ಮ ಊರುಗಳಲ್ಲೂ ಅಂಗಡಿ ಜಗಲಿಯಲ್ಲೋ ಬಸ್ ನಿಲ್ದಾಣದಲ್ಲೋ ಕುಳಿತ ಯಾವುದೋ ಹುಡುಗ, ಯಾವುದೋ ಹುಡುಗಿ ಹೀಗೆ ಏನನ್ನೋ ಚರ್ಚಿಸುತ್ತಿರಬಹುದು. ಹಾದುಹೋಗುವಾಗ ಒಂದು ನಿಮಿಷ ನಿಂತು ಕೇಳಿಸಿಕೊಳ್ಳೋಣ.